ಮೊದಲ ತಿಂಗಳು ಅವರಷ್ಟು ಒಳ್ಳೆಯವರಿಲ್ಲ

'ಎರಡು ಸಲವೂ ಸ್ವಾರ್ಥಿಗಳನ್ನೇ ಪ್ರೀತಿಸಿದೆ, ಮನುಷ್ಯರನ್ನು ಗುರುತಿಸುವ ಬುದ್ಧಿಯೇ ನನಗಿಲ್ಲವೇ' ಎಂದು ಕೇಳಿದ್ದೀರಿ. ಇದೇ ಪ್ರಶ್ನೆಯನ್ನು ಎರಡು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಕೊರಗಿದವಳು ನಾನು. ದಯವಿಟ್ಟು ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ.

ಅತಿಯಾದ ಸ್ವಮೋಹ, ಜನರನ್ನು ದಾಳದಂತೆ ನಡೆಸುವ ಕುಟಿಲತನ, ಇನ್ನೊಬ್ಬರ ನೋವಿಗೆ ಕರಗದ ಸೈಕೋಪತಿ: ಈ ಮೂರನ್ನೂ ಸೇರಿಸಿ ಕೆನಡಾದ ಮನಶ್ಶಾಸ್ತ್ರಜ್ಞರಾದ ಡೆಲ್ರಾಯ್ ಪೌಲಸ್ ಮತ್ತು ಕೆವಿನ್ ವಿಲಿಯಮ್ಸ್ 2002ರಲ್ಲಿ 'ಡಾರ್ಕ್ ಟ್ರಯಾಡ್', ಅಂದರೆ ಕರಾಳ ತ್ರಿವಳಿ, ಎಂದು ಕರೆದರು. ಇವು ಎಲ್ಲರಲ್ಲೂ ಅಷ್ಟೋ ಇಷ್ಟೋ ಇರುವ ಗುಣಗಳೇ. ಕೆಲವರಲ್ಲಿ ವಿಪರೀತ.

ನನ್ನ ಕಣ್ಣು ತೆರೆಸಿದ್ದು ಪೌಲಸ್ ಅವರ 1998ರ ಒಂದು ಅಧ್ಯಯನ. ಪರಿಚಯವಿಲ್ಲದ ವಿದ್ಯಾರ್ಥಿಗಳ ಸಣ್ಣ ಗುಂಪುಗಳನ್ನು ಏಳು ಸಲ ಮಾತಿಗೆ ಕೂರಿಸಿದರು. ತಮ್ಮನ್ನು ತಾವೇ ಮೆರೆಸಿಕೊಳ್ಳುವವರು ಮೊದಲ ದಿನ ಎಲ್ಲರಿಗೂ ಹಿಡಿಸಿಬಿಟ್ಟರು. ಏಳನೆಯ ಸಲಕ್ಕೆ ಅದೇ ಜನ ಅವರನ್ನು ಜಂಬದವರು ಎಂದರು. ಉಡುಪು, ಧೈರ್ಯದ ನಿಲುವು, ನಗಿಸುವ ಮಾತು ಮೊದಲ ನೋಟಕ್ಕೇ ಕಾಣುತ್ತವೆ. ಕಾಳಜಿ ಕಾಣಲು ದಿನ ಬೇಕು. ಇಂಥವರು ಸಂಗಾತಿಯನ್ನು ಆರಿಸುವುದೂ ಹಾಗೆಯೇ. ಸ್ವಮೋಹಿಗಳು ಅಕ್ಕರೆಯಿಂದ ನೋಡಿಕೊಳ್ಳುವವರಿಗಿಂತ ತಮ್ಮನ್ನು ಹೊಗಳುವವರತ್ತ ವಾಲುತ್ತಾರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಕೀತ್ ಕ್ಯಾಂಪ್‌ಬೆಲ್ 1999ರಲ್ಲೇ ತೋರಿಸಿದ್ದರು. ಅದನ್ನು ಓದಿದಾಗ, ನಾನು ಪ್ರೀತಿಸಿದವನೆದುರು ಬೆರಗಾಗಿ ಕೂತಿರುತ್ತಿದ್ದ ನಾನೇ ನೆನಪಾದೆ.

ಅಮ್ಮನ ಕಣ್ಣಿನ ಪೊರೆ ಆಪರೇಷನ್ ಇತ್ತು. 'ಈ ಭಾನುವಾರ ಸಿಗೋಕಾಗಲ್ಲ, ಹಾಸನಕ್ಕೆ ಹೋಗ್ತೀನಿ' ಎಂದೆ. 'ನಿಮ್ಮಣ್ಣ ಇಲ್ವಾ?' ಎಂದ, ಅಷ್ಟೇ. ಮೂರು ದಿನ ಫೋನ್ ಎತ್ತಲಿಲ್ಲ. ನಾಲ್ಕನೆಯ ದಿನ ಆಫೀಸಿಗೆ ಕೆಂಪು ಗುಲಾಬಿಯ ದೊಡ್ಡ ಬೊಕೆ ಬಂತು. ಪಕ್ಕದ ಸೀಟಿನವರೆಲ್ಲ 'ಪುಣ್ಯವಂತೆ' ಎಂದರು, ನಾನೂ ಹಾಗೆಂದೇ ನಂಬಿದೆ. ಅಮ್ಮನ ಕಣ್ಣು ಹೇಗಿದೆ ಎಂದು ಅವನು ಒಮ್ಮೆಯೂ ಕೇಳಿಲ್ಲ ಎಂಬುದು ಹೊಳೆದದ್ದು ಆರು ತಿಂಗಳ ಮೇಲೆ.

ಆದ್ದರಿಂದ ಇನ್ನೊಬ್ಬರು ಇಷ್ಟವಾದಾಗ, ಒಂದೇ ತಿಂಗಳಿಗೆ ಮದುವೆಯ ಮಾತೆತ್ತಿದರೆ ಒಪ್ಪಬೇಡಿ, ಸಮಯ ಕೇಳಿ. ನಿಮ್ಮ ಮನೆಯ ಒಂದು ತಾಪತ್ರಯಕ್ಕಾಗಿ ಅವರ ಒಂದು ಆಸೆಗೆ 'ಆಗಲ್ಲ' ಎನ್ನಬೇಕಾದ ದಿನ ಬಂದೇ ಬರುತ್ತದೆ. ಆ ವಾರ ಬರುವ ಹೂವನ್ನು ಪಕ್ಕಕ್ಕಿಡಿ. ಏನು ಕೇಳಿದರು, ಏನು ಕೇಳಲಿಲ್ಲ ಎಂಬುದನ್ನು ಗಮನಿಸಿ.