ಒಡೆದ ಮುಚ್ಚಳದ ಬದಲಿಗೆ: ಹೊರಗಿನ ಕಸದ ಡ್ರಮ್ಮಿಗೆ ಮನೆಯಲ್ಲೇ ಮಾಡುವ ಮುಚ್ಚಳ

ಪ್ರಶ್ನೆ: ಮನೆಯ ಹೊರಗಿಟ್ಟಿರುವ ನಮ್ಮ ಪ್ಲಾಸ್ಟಿಕ್ ಕಸದ ಡ್ರಮ್ಮು ಗಟ್ಟಿಯಾಗಿಯೇ ಇದೆ, ಆದರೆ ಮುಚ್ಚಳ ಎರಡು ಹೋಳಾಗಿದೆ. ಅಂಟು ಹಾಕಿದರೂ ನಿಲ್ಲಲಿಲ್ಲ. ಸದ್ಯಕ್ಕೆ ಒಂದು ಹಲಗೆ ಮುಚ್ಚಿ ಇಟ್ಟಿಗೆ ಹೇರಿದ್ದೇವೆ. ಆದರೂ ನಾಯಿಗಳು ಅದನ್ನು ಸರಿಸಿ ಕಸ ಎಳೆಯುತ್ತವೆ, ಮಳೆ ಬಂದರೆ ಒಳಗೆ ನೀರು ತುಂಬುತ್ತದೆ. ಹೊಸ ಡ್ರಮ್ಮನ್ನೇ ಕೊಳ್ಳಬೇಕೆ?

ಉತ್ತರ: ಖಂಡಿತ ಬೇಡ. ಮೈ ಗಟ್ಟಿಯಾಗಿರುವ ಡ್ರಮ್ಮನ್ನು ಮುಚ್ಚಳದ ಸಲುವಾಗಿ ಎಸೆಯುವುದನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಅಂಟು ನಿಲ್ಲದಿರುವುದು ನಿಮ್ಮ ಕೈಯ ತಪ್ಪಲ್ಲ. ಇಂತಹ ಡ್ರಮ್ಮುಗಳನ್ನು ಸಾಮಾನ್ಯವಾಗಿ ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್‌ನಿಂದ ಮಾಡಿರುತ್ತಾರೆ; ಮೇಣದಂತಹ ಅವುಗಳ ಮೈಗೆ ಸಾಧಾರಣ ಅಂಟು ಕಚ್ಚುವುದಿಲ್ಲ. ಹೋಳುಗಳು ಇನ್ನೂ ಬಾಗುವಂತಿದ್ದರೆ ಬಿರುಕಿನ ಎರಡೂ ಬದಿಗೆ ತೂತು ಕೊರೆದು, ತುಕ್ಕು ಹಿಡಿಯದ ತಂತಿಯಿಂದ ಹೊಲಿಯಬಹುದು. ಆದರೆ ಬಗ್ಗಿಸಿದೊಡನೆ ಚಟ್ಟೆಂದು ಮುರಿದರೆ, ಅಥವಾ ಉಜ್ಜಿದಾಗ ಸೀಮೆಸುಣ್ಣದಂತಹ ಪುಡಿ ಬೆರಳಿಗೆ ಹತ್ತಿದರೆ, ಬಿಸಿಲಿನ ಅತಿನೇರಳೆ ಕಿರಣಗಳು ಪ್ಲಾಸ್ಟಿಕ್ಕಿನ ಕಸುವನ್ನೇ ತೆಗೆದಿವೆ ಎಂದು ತಿಳಿಯಿರಿ. ಅದನ್ನು ಹೊಲಿದರೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ಇನ್ನು ನಿಮ್ಮ ಹಲಗೆಯ ವಿಷಯ. ಡ್ರಮ್ಮಿನ ಬಾಯಿಯೊಳಗೆ ಇಳಿದು ಅದನ್ನು ತಡೆದು ನಿಲ್ಲಿಸುವ ಭಾಗವೇ ಇಲ್ಲವಾದ್ದರಿಂದ, ಇಟ್ಟಿಗೆ ಎಷ್ಟೇ ಭಾರವಾಗಿದ್ದರೂ ನಾಯಿ ಮೂತಿಯಿಂದ ಪಕ್ಕಕ್ಕೆ ನೂಕಿದಾಗ ಹಲಗೆ ಇಟ್ಟಿಗೆಯೊಂದಿಗೇ ಜರುಗುತ್ತದೆ. ಆದ್ದರಿಂದ ಮುಚ್ಚಳವನ್ನು ಎರಡು ಬಿಲ್ಲೆಗಳಿಂದ ಮಾಡಿ: ಮೇಲಿನದು ಬಾಯಿಯ ಹೊರ ಅಂಚನ್ನು ದಾಟಿ ಸುತ್ತಲೂ 2 ಸೆಂ.ಮೀ. ಚಾಚಿಕೊಂಡಿರಲಿ, ಕೆಳಗಿನದು ಬಾಯಿಯೊಳಗೆ ಸಲೀಸಾಗಿ ಇಳಿಯಲಿ. ಬಾಯಿಯ ಒಳ ಅಳತೆ 45 ಸೆಂ.ಮೀ., ಹೊರ ಅಳತೆ 48 ಸೆಂ.ಮೀ. ಇದ್ದರೆ ಮೇಲಿನ ಬಿಲ್ಲೆ 52, ಕೆಳಗಿನದು 44 ಸೆಂ.ಮೀ. ಅಗಲವಾಗುತ್ತದೆ. ಹಳೆಯ ಡ್ರಮ್ಮಿನ ಬಾಯಿ ಸ್ವಲ್ಪ ಸೊಟ್ಟಗಾಗಿರುವುದರಿಂದ ಎರಡು ಮೂರು ದಿಕ್ಕಿನಲ್ಲಿ ಅಳೆದು, ಒಳ ಅಳತೆಗೆ ಅತಿ ಕಡಿಮೆ ಬಂದದ್ದನ್ನೂ ಹೊರ ಅಳತೆಗೆ ಅತಿ ಹೆಚ್ಚು ಬಂದದ್ದನ್ನೂ ಹಿಡಿಯಿರಿ. ಬಿಗಿಯಾಗಿ ಕೂರಲೆಂದು ಕೆಳಗಿನ ಬಿಲ್ಲೆಯನ್ನು ದೊಡ್ಡದು ಮಾಡಬೇಡಿ, ನೀರು ಕುಡಿದು ಉಬ್ಬಿದ ಮರ ಬಾಯಿಯಲ್ಲೇ ಸಿಕ್ಕಿಕೊಳ್ಳುತ್ತದೆ.

12 ಮಿ.ಮೀ. ದಪ್ಪದ, ನೀರು ತಡೆಯುವ ಪ್ಲೈವುಡ್ ಇದಕ್ಕೆ ಸಾಕು. ನಡುವೆ ಒಂದು ಸಣ್ಣ ಮೊಳೆ ಹೊಡೆದು, ದಾರದ ತುದಿಗೆ ಪೆನ್ಸಿಲ್ ಕಟ್ಟಿ ಸುತ್ತಿಸಿದರೆ ವೃತ್ತ ಸರಿಯಾಗಿ ಮೂಡುತ್ತದೆ. ಕೊಯ್ದಾದ ಮೇಲೆ ಮೊಳೆಯ ಗುರುತಿಗೆ ಪುಟ್ಟಿ ತುಂಬಿ. ಎರಡು ಬಿಲ್ಲೆಗಳನ್ನು 20 ಮಿ.ಮೀ. ಸ್ಕ್ರೂಗಳಿಂದ ಕೆಳಗಿನ ಬದಿಯಿಂದಲೇ ಜೋಡಿಸಿ. ಎರಡೂ ಸೇರಿ 24 ಮಿ.ಮೀ. ದಪ್ಪವಾಗುವುದರಿಂದ ಸ್ಕ್ರೂವಿನ ಮೊನೆ ಮೇಲೆ ಹಾಯುವುದಿಲ್ಲ, ಮಳೆ ನೀರು ಇಳಿಯಲು ಮೇಲ್ಮೈಯಲ್ಲಿ ಒಂದು ತೂತೂ ಇರುವುದಿಲ್ಲ. ಪ್ಲೈವುಡ್ ನೀರು ಹೀರುವುದು ಹೆಚ್ಚಾಗಿ ಕೊಯ್ದ ಅಂಚಿನಲ್ಲಿ. ಅಲ್ಲಿ ಪದರಗಳ ತುದಿಗಳೆಲ್ಲ ಬಾಯಿ ತೆರೆದುಕೊಂಡಿರುತ್ತವೆ. ಹಾಗಾಗಿ ಅಂಚನ್ನು ಉಪ್ಪುಕಾಗದದಿಂದ ತಿಕ್ಕಿ, ಎಣ್ಣೆ ಬಣ್ಣವನ್ನು ಒಂದು ಒಣಗಿದ ಮೇಲೆ ಇನ್ನೊಂದರಂತೆ ಮೂರು ಸಲ ಬಳಿಯಿರಿ. ಕೆಳಮೈಯನ್ನೂ ಬಿಡಬೇಡಿ, ಒಂದೇ ಬದಿಗೆ ಬಳಿದ ಹಲಗೆ ಸೊಟ್ಟಗಾಗುತ್ತದೆ. ಎತ್ತಲು ಹಿಡಿ ಬೇಕಿಲ್ಲ, ಚಾಚಿರುವ ಅಂಚೇ ಬೆರಳಿಗೆ ಸಿಗುತ್ತದೆ.

ಡ್ರಮ್ಮಿನ ಎರಡು ಹಿಡಿಗಳ ನಡುವೆ, ಮುಚ್ಚಳದ ಮೇಲಿಂದ ಹಾಯುವಂತೆ, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಎಳೆದು ಕೊಕ್ಕೆ ಹಾಕಿ. ನಾಯಿ ಡ್ರಮ್ಮನ್ನು ಉರುಳಿಸಿದರೂ ಮುಚ್ಚಳ ಕಳಚದಂತೆ ತಡೆಯುವುದು ಈ ಪಟ್ಟಿ, ಇಟ್ಟಿಗೆಯಿಂದ ಆ ಕೆಲಸ ಆಗದು. ಡ್ರಮ್ಮಿನ ತಳದ ಒಂದು ಬದಿಗೆ ತೆಳುವಾದ ಹಲಗೆಯ ಚೂರು ಕೊಟ್ಟು ತುಸುವೇ ವಾಲಿಸಿದರೆ ಮುಚ್ಚಳದ ಮೇಲೆ ನೀರು ನಿಲ್ಲುವುದಿಲ್ಲ. ಸೆಕೆಯ ದಿನಗಳಲ್ಲಿ ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಏಳೆಂಟು ದಿನಗಳಲ್ಲೇ ಹಾರುವ ಸೊಳ್ಳೆಯಾಗಬಲ್ಲದು ಎಂಬುದನ್ನು ಗಮನದಲ್ಲಿಡಿ.

ಮರಗೆಲಸ ಬೇಡವೆನ್ನುವುದಾದರೆ, ಡ್ರಮ್ಮಿನ ಬಾಯಿಗಿಂತ ತುಸು ಅಗಲವಾದ ಹಳೆಯ ಅಲ್ಯುಮಿನಿಯಂ ಬೋಗುಣಿಯನ್ನು ಬೋರಲು ಹಾಕಿ ಅದೇ ಪಟ್ಟಿಯಿಂದ ಬಿಗಿಯಿರಿ. ಅಂಚು ಬಾಯಿಯಿಂದ ಕೆಳಗಿಳಿದು ಕೂರುವುದರಿಂದ ಅದೂ ಜಾರುವುದಿಲ್ಲ. ಕೊಯ್ದ ತಗಡನ್ನು ಬಳಸುವುದಾದರೆ ಮಾತ್ರ ಅಂಚನ್ನು ಮಡಿಚಿ ಬಡಿದಿರಬೇಕು, ಏಕೆಂದರೆ ಕಸ ಒಯ್ಯಲು ಬರುವವರು ದಿನವೂ ಅದಕ್ಕೇ ಕೈ ಹಾಕುತ್ತಾರೆ.