ಪೂಜೆ ಮುಗಿಯೋವರೆಗೆ ಖಾಲಿ ಹೊಟ್ಟೆ, ಆಮೇಲೆ ನಾಲ್ಕು ಹೋಳಿಗೆ

(ಹೆಸರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಸಾವಿತ್ರಮ್ಮನವರಿಗೆ 56 ವರ್ಷ. ಬಹಳ ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಗಣೇಶನ ಹಬ್ಬ ಮುಗಿದ ಮೇಲೆ ಮಗ ಅವರನ್ನು ಊಟ-ತಿಂಡಿಯ ಸಲಹೆಗೆ ನನ್ನ ಹತ್ತಿರ ಕರೆದುಕೊಂಡು ಬಂದ. ಕೂತ ತಕ್ಷಣ ಅವನೇ ಶುರು ಮಾಡಿದ: "ಮೇಡಂ, ಹಬ್ಬ ಬಂದ್ರೆ ಅಮ್ಮ ಬಾಯಿ ಕಟ್ಟಲ್ಲ. ಸಿಹಿ ತಿನ್ಬೇಡಮ್ಮ ಅಂತ ಎಷ್ಟು ಹೇಳಿದ್ರೂ ಕೇಳಲ್ಲ. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ." ಆಕೆ ಒಂದು ಮಾತೂ ಆಡಲಿಲ್ಲ.

ಮಗನನ್ನು ಹೊರಗೆ ಕೂರಲು ಹೇಳಿದೆ. ಏನು ತಿಂದಿರಿ ಅಂತ ನಾನು ಮೊದಲೇ ಕೇಳುವುದಿಲ್ಲ, ಹಾಗೆ ಕೇಳಿದರೆ ಎಲ್ಲರೂ ಕಡಿಮೆ ಮಾಡಿಯೇ ಹೇಳುತ್ತಾರೆ. ವರಮಹಾಲಕ್ಷ್ಮಿ ಹಬ್ಬದ ದಿನ ಎದ್ದಾಗಿನಿಂದ ಏನೇನು ಕೆಲಸ ಮಾಡಿದಿರಿ, ಒಂದೊಂದೇ ಹೇಳಿ ಅಂದೆ.

ಹಿಂದಿನ ರಾತ್ರಿ ಹನ್ನೊಂದೂವರೆವರೆಗೆ ಕಳಶಕ್ಕೆ ಸೀರೆ ಉಡಿಸುವ ಕೆಲಸ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ತಲೆಗೆ ಸ್ನಾನ, ರಂಗೋಲಿ, ತೋರಣ, ಆಮೇಲೆ ಒಲೆ ಮುಂದೆ. ಏಳು ಗಂಟೆಗೆ ಮಾತ್ರೆ ನುಂಗಿದ್ದಾರೆ, ಯಾಕಂದ್ರೆ ಮಾತ್ರೆ ತಪ್ಪಿಸಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ತಿಂಡಿ ತಿಂದಿಲ್ಲ, ಯಾಕಂದ್ರೆ ಪೂಜೆ ಆಗದೆ ಬಾಯಿಗೆ ಏನೂ ಹಾಕಬಾರದು ಅಂತ ಅವರ ಅತ್ತೆ ಕಲಿಸಿದ್ದಾರೆ. ಹನ್ನೊಂದರ ಹೊತ್ತಿಗೆ ಹೂರಣ ರುಬ್ಬುತ್ತಿದ್ದಾಗ ಕೈ ನಡುಗಿದೆ, ಮೈಯೆಲ್ಲ ಬೆವರಿದೆ, ಕಣ್ಣು ಮಂಜಾಗಿದೆ. "ಒಲೆ ಶಾಖಕ್ಕೆ ಇರ್ಬೇಕು ಅಂದ್ಕೊಂಡೆ. ಅಮ್ಮನೋರ ಕೆಲಸದಲ್ಲಿ ಏನೋ ಲೋಪ ಆಯ್ತಾ ಅಂತಾನೂ ಭಯ ಆಯ್ತು" ಅಂದರು. ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತು ಮತ್ತೆ ಕೆಲಸಕ್ಕೆ ಕೈ ಹಾಕಿದ್ದಾರೆ. ಮಂಗಳಾರತಿ ಆಗುವಾಗ ಒಂದೂವರೆ. ಎಲೆ ಮುಂದೆ ಕೂತಾಗ ತಡೆಯಲಾರದ ಹಸಿವು: ನಾಲ್ಕು ಹೋಳಿಗೆ, ತುಪ್ಪ, ಚಿತ್ರಾನ್ನ, ಪಾಯಸ. ಸಂಜೆ ಮಗ ಮೀಟರಿನಲ್ಲಿ ನೋಡಿದರೆ ಸಕ್ಕರೆ 290, ತುಂಬಾ ಜಾಸ್ತಿ. ಮನೆಯವರ ಕಣ್ಣಿಗೆ ಬಿದ್ದದ್ದು ಆ ನಾಲ್ಕು ಹೋಳಿಗೆ. ಹನ್ನೊಂದು ಗಂಟೆಯ ನಡುಕ ಯಾರಿಗೂ ಗೊತ್ತಿಲ್ಲ.

ಆಕೆ ತಂದಿದ್ದ ಚೀಟಿ ನೋಡಿದೆ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಸೇರಿದ ಮಾತ್ರೆ. ಮೆಟ್‌ಫಾರ್ಮಿನ್ ಒಂದೇ ಆದರೆ ಸಕ್ಕರೆ ತೀರಾ ಕೆಳಗೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯಿಂದ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತದೆ, ನೀವು ತಿಂದಿದ್ದೀರೋ ಇಲ್ಲವೋ ಅಂತ ಕಾಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಆರು ಗಂಟೆ ನಿಂತು ಕೆಲಸ ಮಾಡಿದರೆ ಸಕ್ಕರೆ 70ಕ್ಕಿಂತ ಕೆಳಗೆ ಹೋಗಬಹುದು. ನಡುಕ, ಬೆವರು, ಆಮೇಲಿನ ಆ ವಿಪರೀತ ಹಸಿವು ಎಲ್ಲವೂ ಅದರದ್ದೇ ಲಕ್ಷಣ. ಇದನ್ನು ಹೇಳಿದಾಗ ಸಾವಿತ್ರಮ್ಮ ಮೊದಲು ಕೇಳಿದ್ದು, "ಹಾಗಾದ್ರೆ ನಾನು ಹೊಟ್ಟೆಬಾಕಿ ಅಲ್ವಾ?" ಅಂತ. ಅಲ್ಲವೇ ಅಲ್ಲ. ಒಂದು ತಿಂಗಳಿಂದ ಮನೆಯಲ್ಲಿ ಆ ಮಾತು ಕೇಳಿ ಕೇಳಿ ಅವರೂ ಅದನ್ನು ನಂಬಿಬಿಟ್ಟಿದ್ದರು, ನನಗೆ ನಿಜವಾಗಿ ಬೇಜಾರಾಗಿದ್ದು ಅದಕ್ಕೆ.

ಇನ್ನೊಂದು ವಿಷಯವೂ ಹೊರಗೆ ಬಂತು. ಆ ನಡುಕದ ಭಯಕ್ಕೆ ಗೌರಿ ಹಬ್ಬ, ಗಣೇಶನ ಹಬ್ಬದ ದಿನ ಮಾತ್ರೆಯನ್ನೇ ಬಿಟ್ಟಿದ್ದಾರೆ, ಯಾರಿಗೂ ಹೇಳದೆ. ಮಾತ್ರೆ ಇಲ್ಲ, ಮೇಲೆ ಕಡುಬು. ಬೆಲ್ಲದ ಹೂರಣ ತಾನೇ, ಏನೂ ಆಗಲ್ಲ ಅಂತ ಧೈರ್ಯ. ಬೆಲ್ಲವೂ ಸಕ್ಕರೆಯ ಹಾಗೇ ರಕ್ತದಲ್ಲಿ ಏರುತ್ತದೆ, ಈ ವಿಷಯದಲ್ಲಿ ದಯವಿಟ್ಟು ಯಾರೂ ಮೋಸ ಹೋಗಬೇಡಿ.

ನಾನು ವೈದ್ಯೆಯಲ್ಲ, ಮಾತ್ರೆ ಬದಲಿಸುವ ಹಾಗಿಲ್ಲ. ಅದಕ್ಕೇ ಮೊದಲ ಸಲಹೆ, ನವರಾತ್ರಿಗೆ ಮುಂಚೆ ಡಾಕ್ಟರ ಹತ್ತಿರ ಹೋಗಿ "ಪೂಜೆಯ ದಿನ ನಾನು ಇಷ್ಟು ಹೊತ್ತಿಗೆ ಊಟ ಮಾಡುತ್ತೇನೆ, ಮಾತ್ರೆ ಯಾವಾಗ, ಎಷ್ಟು?" ಅಂತ ನೇರವಾಗಿ ಕೇಳಿ. ಹೆಚ್ಚಿನವರು ಇದನ್ನು ಕೇಳುವುದೇ ಇಲ್ಲ. ಉಪವಾಸ ಅಂದರೆ ಬೈಯುತ್ತಾರೆ ಅನ್ನೋ ಸಂಕೋಚ.

ಎರಡನೆಯದು ಕಷ್ಟದ್ದು, ಬೆಳಿಗ್ಗೆ ಏನಾದರೂ ತಿನ್ನುವುದು. ಮಡಿಯಲ್ಲಿದ್ದು ತಿನ್ನುವುದು ಅವರ ಮನಸ್ಸಿಗೆ ಒಗ್ಗದ ಮಾತು. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವ ಕೆಲಸ ನನ್ನದಲ್ಲ, ಹಾಗೆ ಮಾಡಿದ್ದರೆ ಅವರು ಮತ್ತೆ ಬರುತ್ತಲೂ ಇರಲಿಲ್ಲ. ನಿಮ್ಮ ಪುರೋಹಿತರನ್ನೇ ಕೇಳಿ ನೋಡಿ ಅಂದೆ. ಅವರು ಫೋನಿನಲ್ಲೇ, ಕಾಯಿಲೆ ಇರುವವರು ಹಾಲು, ಹಣ್ಣು, ಅವಲಕ್ಕಿ ತಗೊಳ್ಳಬಹುದಮ್ಮ, ದೋಷ ಇಲ್ಲ ಅಂದರಂತೆ. ನಾನು ಗಂಟೆಗಟ್ಟಲೆ ಹೇಳಿದ್ದರೂ ಇಷ್ಟು ಕೆಲಸ ಆಗುತ್ತಿರಲಿಲ್ಲ.

ಆಮೇಲೆ ಮಗ, ಸೊಸೆ ಇಬ್ಬರನ್ನೂ ಒಳಗೆ ಕರೆದೆ. ಮಗ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ, ಆಮೇಲೆ "ನಂಗೆ ಇದೇನೂ ಗೊತ್ತೇ ಇರ್ಲಿಲ್ಲ" ಅಂದ. ಬುದ್ಧಿ ಹೇಳುವುದನ್ನು ಬಿಟ್ಟು ಕೆಲಸ ಹಂಚಿಕೊಳ್ಳಿ ಅಂತ ಸ್ಪಷ್ಟವಾಗಿ ಹೇಳಿದೆ: ತೋರಣ, ಹೂವು, ಪಾತ್ರೆ ಅವನ ಪಾಲು, ಹೋಳಿಗೆ ಅಂಗಡಿಯಿಂದ, ನೈವೇದ್ಯಕ್ಕೆ ಬೇಕಾದಷ್ಟು ಮಾತ್ರ ಮನೆಯಲ್ಲಿ. ಹಿಂದಿನ ರಾತ್ರಿ ಅಮ್ಮ ಹತ್ತಕ್ಕೆ ಮಲಗಬೇಕು. ಸೊಸೆಯೇ ಹೇಳಿದಳು, ಎಂಟೂವರೆಗೆ ನಾನು ಅವಲಕ್ಕಿ ತಂದು ಕೈಗೆ ಕೊಡ್ತೀನಿ, ಅವರಾಗಿ ಅವರು ತಿನ್ನಲ್ಲ ಅಂತ. ಅದು ಸರಿಯಾದ ಮಾತು.

ಹೋಳಿಗೆ ಪೂರ್ತಿ ಬಿಡಿ ಅಂತ ನಾನು ಹೇಳಲಿಲ್ಲ. ವರ್ಷಪೂರ್ತಿ ಮನೆಯವರಿಗೆಲ್ಲ ಬಡಿಸಿದವರಿಗೆ ಹಬ್ಬದ ದಿನ ಎಲೆಯ ಮೇಲೆ ಒಂದು ಹೋಳಿಗೆಯೂ ಇಲ್ಲ ಅಂದರೆ ಅದೆಂಥ ಹಬ್ಬ? ಮೊದಲು ಕೋಸಂಬರಿ, ಪಲ್ಯ ಚೆನ್ನಾಗಿ ತಿನ್ನಿ, ಆಮೇಲೆ ಒಂದೇ ಹೋಳಿಗೆ, ಅವತ್ತು ಪಾಯಸ ಬೇಡ, ಅನ್ನ ಅರ್ಧ. ಊಟ ಆಗಿ ಸ್ವಲ್ಪ ಹೊತ್ತಿಗೆ ಮನೆ ಮುಂದೆಯೇ ಹತ್ತು ನಿಮಿಷ ಓಡಾಡಿ. ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲಿ ತಟ್ಟೆ ಮುಂದಿಟ್ಟು ಬಲವಂತ ಮಾಡಿದರೆ "ಮಕ್ಕಳಿಗೆ ಕಟ್ಟಿಕೊಡಿ" ಅನ್ನಿ. ಕೊಟ್ಟವರಿಗೂ ಬೇಜಾರಾಗಲ್ಲ.

ಶ್ರಾವಣದಿಂದ ಕಾರ್ತಿಕದವರೆಗೆ ಹಬ್ಬದ ಸಾಲು ಹೆಚ್ಚುಕಮ್ಮಿ ಮೂರು ತಿಂಗಳು. ಎಚ್‌ಬಿಎ1ಸಿ ಅನ್ನೋ ರಕ್ತಪರೀಕ್ಷೆ ತೋರಿಸುವುದೂ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿಯನ್ನೇ. ಅದಕ್ಕೆ ದೀಪಾವಳಿ ಆದ ಮೇಲೆ ಒಮ್ಮೆ ಮಾಡಿಸಿ ಅಂದಿದ್ದೆ. ಮಾಡಿಸಿದ್ದಾರೆ. ಇನ್ನೂ ಜಾಸ್ತಿಯೇ ಇದೆ, ಡಾಕ್ಟರು ಮಾತ್ರೆ ಬದಲಿಸಿದ್ದಾರೆ. ನಡುಕ ಮಾತ್ರ ಮತ್ತೆ ಬಂದಿಲ್ಲ.

ಇದನ್ನು ಓದುವವರ ಮನೆಯಲ್ಲೂ ಇಂಥವರು ಇದ್ದೇ ಇರುತ್ತಾರೆ. ಕೆಲಸದ ಮಧ್ಯೆ ನಡುಕ, ಬೆವರು, ತಲೆಸುತ್ತು ಬಂತು ಅಂದರೆ ತಕ್ಷಣ ಕೂರಿಸಿ. ಮೀಟರ್ ಇದ್ದರೆ ನೋಡಿ, ಇಲ್ಲದಿದ್ದರೆ ಕಾಯಬೇಡಿ. ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ ಕೊಡಿ, ಸುಧಾರಿಸಿದ ಮೇಲೆ ಹೊಟ್ಟೆಗೆ ಏನಾದರೂ ಕೊಡಿ. ಅವತ್ತೇ ಡಾಕ್ಟರಿಗೆ ತಿಳಿಸಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ.