ಹೊನ್ನಾವರದಲ್ಲಿ ಒಂದು ರಾತ್ರಿ ಉಳಿಯುವಂಥದ್ದು ಏನಿದೆ?

ಮುರುಡೇಶ್ವರ ಮುಗಿಸಿ ಗೋಕರ್ಣಕ್ಕೆ ಹೋಗುವ ದಾರಿಯಲ್ಲಿ ಹೊನ್ನಾವರಕ್ಕೆ ಎರಡು ಗಂಟೆ ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಒಂದು ರಾತ್ರಿ ಉಳಿದುಕೊಳ್ಳಿ, ಅದೂ ಬೆಳಗಿನ ಜಾವ ಏಳುವ ಮನಸ್ಸಿದ್ದರೆ ಮಾತ್ರ. ನಾನು ಘಟ್ಟದ ಮೇಲಿನವನು. ಐದಾರು ಸಲ ಹೋಗಿದ್ದೇನೆ, ಮೊದಲ ಎರಡು ಸಲ ಮಧ್ಯಾಹ್ನದ ಬಿಸಿಲಲ್ಲಿ ಹೋಗಿ ಏನೂ ನೋಡದೆ ವಾಪಸಾಗಿದ್ದೆ.

ಅಲ್ಲಿ ನೋಡಬೇಕಾದದ್ದು ಅಳಿವೆ, ಅಂದರೆ ಹೊಳೆ ಕಡಲು ಸೇರುವ ಜಾಗ. ಅಂಬುತೀರ್ಥದಲ್ಲಿ ಹುಟ್ಟಿ ಜೋಗದಲ್ಲಿ ಧುಮುಕಿದ ಶರಾವತಿ ಇಲ್ಲಿಗೆ ಬರುವ ಹೊತ್ತಿಗೆ ಎಷ್ಟು ಅಗಲವಾಗಿರುತ್ತದೆಂದರೆ, ಕೊಂಕಣ ರೈಲ್ವೆಯ ಸೇತುವೆಯೇ 2 ಕಿ.ಮೀ.ಗಿಂತ ಉದ್ದವಿದೆ. ಪೇಟೆ ಇರುವುದು ನದಿಯ ಉತ್ತರ ದಡದಲ್ಲಿ, ಕಾಸರಕೋಡು ದಕ್ಷಿಣಕ್ಕೆ. ಬೆಳಗ್ಗೆ ಕಾಸರಕೋಡಿನ ಟೊಂಕ ಎಂಬ ಮೀನುಗಾರಿಕೆ ಬಂದರಿನ ಕಡೆ ಹೋಗಿ. ಬೋಟುಗಳು ಒಂದರ ಹಿಂದೆ ಒಂದು ಒಳಗೆ ಬರುತ್ತಿರುತ್ತವೆ, ಮೇಲೆ ಗರುಡಗಳು ಸುತ್ತುತ್ತಿರುತ್ತವೆ. ಬುಟ್ಟಿಗೆ ಸುರಿದ ಬಂಗಡೆಯ ಬೆನ್ನ ಮೇಲಿನ ನೀಲಿ-ಹಸಿರು ಗೆರೆ ಆಗ ಇದ್ದಷ್ಟು ಹೊಳಪಾಗಿ ಆಮೇಲೆ ಇರುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಮಂಕಾಗುತ್ತದೆ. ತಾರ್ಲೆ, ಶೆಟ್ಲಿ (ಸಿಗಡಿ), ನೋಗ್ಲಿ ಎಲ್ಲ ಅಲ್ಲೇ ಬೇರೆಯಾಗುತ್ತವೆ. ಅವರ ಕೆಲಸದ ಹೊತ್ತು ಅದು, ದಾರಿಗೆ ಅಡ್ಡ ನಿಲ್ಲಬೇಡಿ, ಫೋಟೋ ತೆಗೆಯುವ ಮುಂಚೆ ಒಂದು ಮಾತು ಕೇಳಿ. ಕೇಳಿದರೆ ಮೀನಿನ ಹೆಸರನ್ನೂ ಅವರೇ ಹೇಳಿಕೊಡುತ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಹೋದರೆ ದಡಕ್ಕೆ ಕಟ್ಟಿದ ಬೋಟುಗಳು, ಕೆಂಪು ನೀರಿನ ಹೊಳೆ. ಅದೂ ಚಂದವೇ, ಆದರೆ ಮೀನುಗಾರಿಕೆ ಕಾಣಸಿಗುವುದು ಕಡಿಮೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು.

ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ನಡಿಗೆದಾರಿ ಇದೆ. ಇಲ್ಲಿಗೆ ಗಡಿಯಾರ ನೋಡಿ ಹೋಗಬೇಡಿ, ಉಬ್ಬರ-ಇಳಿತ ನೋಡಿ ಹೋಗಿ. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಆದ್ದರಿಂದ ಹಿಂದಿನ ದಿನವೇ ಊರವರನ್ನು ಕೇಳಿಟ್ಟುಕೊಳ್ಳಿ. ನೀರು ಇಳಿದಾಗ ಕೆಸರಿನಿಂದ ಪೆನ್ಸಿಲ್ ನೆಟ್ಟ ಹಾಗೆ ಉಸಿರುಬೇರುಗಳು ಎದ್ದಿರುತ್ತವೆ. ನಡುವೆ ಸಣ್ಣ ಏಡಿಗಳು. ಗಂಡಿಗೆ ಇಕ್ಕಳದಂಥ ಒಂದು ಕೊಂಬು ಮೈಯಷ್ಟೇ ದೊಡ್ಡದು, ಅದನ್ನೆತ್ತಿ ಬೀಸುತ್ತದೆ. ಹೆಜ್ಜೆ ಸಪ್ಪಳವಾದರೆ ಎಲ್ಲವೂ ಬಿಲದೊಳಗೆ. ಅಲುಗದೆ ನಿಂತರೆ ಮೆಲ್ಲಗೆ ಮತ್ತೆ ಹೊರಬರುತ್ತವೆ. ನಾನು ಅಲ್ಲಿ ಒಂದು ಗಂಟೆ ನಿಂತಿದ್ದೇನೆ. ಪೂರ್ತಿ ಉಬ್ಬರವಿದ್ದರೆ ಇದ್ಯಾವುದೂ ಕಾಣುವುದಿಲ್ಲ.

ಕಾಸರಕೋಡಿನ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿದೆ, ಸ್ವಚ್ಛವಾಗಿದೆ. ಮಕ್ಕಳಿದ್ದರೆ ಅಲ್ಲಿಗೇ ಕರೆದೊಯ್ಯಿರಿ. ಅಳಿವೆಯ ಹತ್ತಿರ ಮಾತ್ರ ಯಾರೂ ನೀರಿಗಿಳಿಯಬಾರದು. ಮೇಲೆ ಶಾಂತವಾಗಿ ಕಂಡರೂ ಹೊಳೆಯ ಸೆಳೆತ ಮತ್ತು ಕಡಲ ಅಲೆ ಅಲ್ಲಿ ಎದುರುಬದುರಾಗುತ್ತವೆ, ಮರಳುದಿಬ್ಬ ಜಾಗ ಬದಲಿಸುತ್ತಿರುತ್ತದೆ. ವರ್ಷಗಟ್ಟಲೆ ದೋಣಿ ನಡೆಸಿದವರೇ ಅಲ್ಲಿ ಉಸಿರು ಬಿಗಿಹಿಡಿದು ದಾಟುತ್ತಾರೆ.

ಸಮಯ ಉಳಿದರೆ ಅಪ್ಸರಕೊಂಡ ಜಲಪಾತ ನೋಡಿ. ಇಲ್ಲದಿದ್ದರೆ ಅದನ್ನು ಬಿಟ್ಟು, ಸಂಜೆ ಮತ್ತೊಮ್ಮೆ ಹೊಳೆಯ ದಡಕ್ಕೇ ಹೋಗಿ.